ನಕ್ಕರೆ ಆರುವ ಪೆಟ್ಟಿಗೆ

ಒಂದು ಕಂಪ್ಯೂಟರಿಗೂ ಒಬ್ಬ ಅತ್ತೆಯ ನಗುವಿಗೂ ವೈರ ಹುಟ್ಟಿತೆಂದರೆ ಯಾರು ನಂಬುತ್ತಾರೆ? ಆ ಮನೆಯವರೂ ಮೊದಮೊದಲು ನಂಬಲಿಲ್ಲ. ನಂಬುವ ಹೊತ್ತಿಗೆ ಮನೆಯಲ್ಲಿ ನಗುವೇ ನಿಂತುಹೋಗುವುದರಲ್ಲಿತ್ತು.

ಸೊಸೆಯದು ಪುಸ್ತಕಗಳಿಗೆ ಅಕ್ಷರ ಜೋಡಿಸುವ ಕಸುಬು. ಪ್ರೆಸ್ಸಿನಿಂದ ಕೈಬರಹದ ಹಾಳೆಗಳು ಬರುತ್ತಿದ್ದವು. ಅವನ್ನು ಟೈಪು ಮಾಡಿ, ಪುಟ ಕಟ್ಟಿ, ತಪ್ಪು ತಿದ್ದಿ ಕೊಡಬೇಕು. ಟೈಪು ಮಾಡುವುದಕ್ಕೆ ಒಬ್ಬರು ಸಾಕು, ತಿದ್ದುವುದಕ್ಕೆ ಇಬ್ಬರಾದರೆ ಒಳ್ಳೆಯದು. ಒಬ್ಬರು ಮೂಲ ಹಾಳೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯ ಮೇಲೆ ಕಣ್ಣೋಡಿಸುತ್ತ ಹೋಗಬೇಕು. ಹಿಂದೆ ಓದಲು ಬರುತ್ತಿದ್ದ ಹುಡುಗಿ ಬೇರೆ ಕೆಲಸ ಹಿಡಿದು ಹೋದಾಗ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅತ್ತೆ, "ಕೊಡೇ ಇಲ್ಲಿ, ನನಗೂ ಓದೋಕೆ ಬರುತ್ತೆ" ಎಂದು ಮೇಜಿನ ಎಡಬದಿಯ ಕುರ್ಚಿಯಲ್ಲಿ ಕುಳಿತರು. ಅಂದು ಕುಳಿತವರು ಮತ್ತೆ ಏಳಲಿಲ್ಲ.

ಆ ಕುರ್ಚಿಯ ಮೇಲೆ ಅತ್ತೆಗೆ ಎಷ್ಟು ಆಸೆಯಿತ್ತೆಂದು ಅವರು ಯಾರಿಗೂ ಹೇಳಿರಲಿಲ್ಲ. ದೇವರಿಗೆ ಮಾತ್ರ ಹೇಳಿದ್ದರು. ಬೆಳಗ್ಗೆ ಕೈಮುಗಿಯುವಾಗ ಆಯುಸ್ಸು ಆರೋಗ್ಯ ಕೇಳುವ ವಯಸ್ಸಿನಲ್ಲಿ ಅವರು, "ನನ್ನ ಸೊಸೆಗೆ ಇವತ್ತೂ ನನ್ನ ದನಿ ಬೇಕಾಗಲಿ ತಂದೆ" ಎಂದು ಕೇಳಿಕೊಳ್ಳುತ್ತಿದ್ದರು. ಮೊಣಕಾಲಿನ ನೋವು, ಕಣ್ಣಿನ ಪೊರೆ ಎಲ್ಲ ಆಮೇಲೆ.

ಅವರ ಓದೂ ಹಾಗೇ ಇತ್ತು, ಒಂದು ಚುಕ್ಕೆ ಬಿಡದ ಓದು. ಕೋಮಾ ಬಂದರೆ "ಕೋಮಾ" ಎನ್ನುವರು, ಸಾಲು ಮುಗಿದರೆ "ಫುಲ್‌ಸ್ಟಾಪ್" ಎನ್ನುವರು. ಈ ಅಭ್ಯಾಸ ಊಟದ ಹೊತ್ತಿಗೂ ನುಸುಳಿತ್ತು. ಬಸ್ಸಿನ ಡ್ರೈವರ್ ಆಗಿದ್ದ ಮಗ ಡ್ಯೂಟಿ ಮುಗಿಸಿ ಬಂದರೆ, "ಕೈ ತೊಳ್ಕೊಂಡು ಬಾ ಕೋಮಾ ಅನ್ನ ಆರ್ತಿದೆ ಫುಲ್‌ಸ್ಟಾಪ್" ಎಂದು ಕರೆಯುವರು. "ಅಮ್ಮ ಬೈಯುವಾಗ ಮಾತ್ರ ಫುಲ್‌ಸ್ಟಾಪೇ ಬರಲ್ಲ" ಎಂದು ಮಗ ಹೆಂಡತಿಯ ಕಿವಿಯಲ್ಲಿ ಹೇಳುವನು. ಅತ್ತೆಯ ಕಿವಿಗೆ ಅದೂ ಬೀಳುತ್ತಿತ್ತು.

ಇಷ್ಟು ದಿನ ಬಂದದ್ದೆಲ್ಲ ಒಣ ಪುಸ್ತಕಗಳು. ತೆರಿಗೆಯ ನಿಯಮಗಳು, ಕೋಳಿ ಸಾಕಣೆಯ ಕೈಪಿಡಿ, ಯಾವುದೋ ಸಂಘದ ವರದಿ. ಕಂಪ್ಯೂಟರು ಬಡ ಎತ್ತಿನಂತೆ ಸುಮ್ಮನೆ ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಬಂದಿತು ನೋಡಿ, ನಗೆಗಥೆಗಳ ಪುಸ್ತಕ. ಯಾರೋ ಹಿರಿಯರು ಊರೂರು ತಿರುಗಿ ಕೂಡಿಸಿದ ಕಥೆಗಳು. ಪ್ರೆಸ್ಸಿನ ಯಜಮಾನರು, "ಇದು ಚೆನ್ನಾಗಿ ಬಂದ್ರೆ ಮುಂದಿನ ಪುಸ್ತಕಗಳೆಲ್ಲ ನಿಮಗೇ" ಎಂದು ಹೇಳಿ ಕೊಟ್ಟಿದ್ದರು.

ಮುನ್ನುಡಿ ಗಂಭೀರವಾಗಿ ಮುಗಿಯಿತು. ಮೊದಲ ಕಥೆ ಒಬ್ಬ ಕಾವಲುಗಾರನದು. ನಾನು ಕಣ್ಣೇ ಮಿಟುಕಿಸುವವನಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ ಅವನು ಮಂಚ ಹಾಕಿಕೊಂಡು ಮನೆ ಕಾಯುತ್ತಾನೆ. ಕಳ್ಳರು ಬಂದು, ಅವನ ಗೊರಕೆ ಕೇಳಿ, ಮಂಚದ ಸಮೇತ ಅವನನ್ನು ಎತ್ತಿ ದೂರದ ಬಯಲಲ್ಲಿಟ್ಟು ಹೋಗುತ್ತಾರೆ. ಬೆಳಗ್ಗೆ ಅವನು ಯಜಮಾನನ ಬಳಿಗೆ ಓಡಿಬಂದು ಹೇಳುತ್ತಾನೆ...

"ಸ್ವಾಮಿ ಕೋಮಾ ಕಳ್ಳತನ ಏನೂ ಆಗಿಲ್ಲ ಫುಲ್‌ಸ್ಟಾಪ್" ಎಂದು ಓದಿದ ಅತ್ತೆ ಮುಂದಿನ ಸಾಲಿಗೆ ಬಂದರು. "ಮನೆಯೊಂದು ಕಾಣಿಸ್ತಿಲ್ಲ ಕೋಮಾ..."

ಅಷ್ಟೇ. ಫುಲ್‌ಸ್ಟಾಪಿನವರೆಗೆ ಹೋಗಲಾಗಲಿಲ್ಲ. ಅತ್ತೆಯ ನಗು ಹೊಟ್ಟೆಯಿಂದ ಹೊರಟು, ಹೆಗಲು ಕುಣಿಸಿ, ಕಣ್ಣಲ್ಲಿ ನೀರು ತರಿಸಿ, ಕೊನೆಗೆ ಮೇಜಿನ ಮೇಲೆ ಅಂಗೈಯಾಗಿ ಪಟ್ಟೆಂದು ಬಿತ್ತು. ಪರದೆ ಕಪ್ಪಾಯಿತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದ ಯಂತ್ರ ಬೀಪ್ ಎಂದು ತಾನೇ ಎಚ್ಚೆತ್ತು, ಏನೂ ಆಗದವರ ಹಾಗೆ ಮೊದಲಿನಿಂದ ಶುರುವಾಯಿತು.

"ಅಯ್ಯೋ, ಸೇವ್ ಮಾಡಿರಲಿಲ್ಲ!" ಎಂದಳು ಸೊಸೆ.

"ಕರೆಂಟು ಹೋಯ್ತೇನೇ?"

"ಫ್ಯಾನ್ ತಿರುಗ್ತಾನೇ ಇದೆಯಲ್ಲ ಅತ್ತೆ."

ಎರಡನೆಯ ಕಥೆಯಲ್ಲಿಯೂ ಹಾಗೇ ಆಯಿತು, ಮೂರನೆಯದರಲ್ಲಿಯೂ. ಸೊಸೆ ತನಗೆ ತಿಳಿದಷ್ಟು ಮಾಡಿದಳು. ವೈರಸ್ ಹುಡುಕಿದಳು, ಪ್ಲಗ್ಗನ್ನು ಬೇರೆ ಗೋಡೆಗೆ ಹಾಕಿದಳು, ಯುಪಿಎಸ್ ತೆಗೆದು ನೋಡಿದಳು, ತೆಗೆದದ್ದನ್ನು ಮತ್ತೆ ಹಾಕಿ ನೋಡಿದಳು. ಮಗ ಬಂದು, "ಬಿಸಿಯಾಗಿರ್ಬೇಕು, ನನ್ನ ಬಸ್ಸೂ ಏರಿನಲ್ಲಿ ಹಿಂಗೇ ಮಾಡುತ್ತೆ" ಎಂದು ಟೇಬಲ್ ಫ್ಯಾನನ್ನು ಕಂಪ್ಯೂಟರಿನ ಪೆಟ್ಟಿಗೆಯ ಕಡೆಗೆ ತಿರುಗಿಸಿದ. ಹಾಳೆಗಳೆಲ್ಲ ಮನೆ ತುಂಬ ಹಾರಿದವು. ಅವನ್ನು ಹೆಕ್ಕಿ ಜೋಡಿಸುವುದರಲ್ಲೇ ಅರ್ಧ ದಿನ ಕಳೆಯಿತು.

ಕೊನೆಗೆ ಪೆಟ್ಟಿಗೆಯನ್ನು ರಿಪೇರಿ ಅಂಗಡಿಗೆ ಹೊತ್ತೊಯ್ದರು. ರಿಪೇರಿಯವನನ್ನು ಬೀದಿಯವರೆಲ್ಲ ಮೌನಿ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಚೊಕ್ಕ, ಆದರೆ ಮುಖ ಯಾವಾಗಲೂ ಪರೀಕ್ಷೆಗೆ ಕುಳಿತವನದು. ಅವನು ಧೂಳು ತೆಗೆದ, ಫ್ಯಾನಿಗೆ ಎಣ್ಣೆ ಬಿಟ್ಟ, ಮೆಮೊರಿ ಬದಲಿಸಿ ನೋಡಿದ, ದಿನವಿಡೀ ಓಡಲು ಬಿಟ್ಟ. ಅದು ಒಮ್ಮೆಯೂ ಆರಲಿಲ್ಲ.

"ಇದರಲ್ಲಿ ದೋಷ ಇಲ್ಲ" ಎಂದ ಮೌನಿ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಮನೆಗೆ ತಂದು ಮೊದಲಿನಂತೆ ಮೇಜಿನ ಕೆಳಗಿನ ತೂಗುಹಲಗೆಯ ಮೇಲಿಟ್ಟು ಶುರು ಮಾಡಿದರೆ, ನಾಲ್ಕನೆಯ ಕಥೆಯ ನಡುವೆ ಮತ್ತೆ ಕಪ್ಪು!

ಆಗ ಮಗನೇ ಗಮನಿಸಿದ್ದು. ಅಂದು ಅವನಿಗೆ ರಜೆ. ಬಾಗಿಲಿಗೆ ಒರಗಿ ಕಥೆ ಕೇಳುತ್ತಿದ್ದವನು, "ಅಮ್ಮಾ, ನೀನು ನಕ್ಕಾಗಲೇ ಅದು ಆರೋದು" ಎಂದ.

"ಹೋಗೋ, ಕಂಪ್ಯೂಟರಿಗೇನು ಕಿವಿ ಇದೆಯಾ?"

"ಕಿವಿ ಇದೆಯೋ ಇಲ್ವೋ. ನಿನ್ನ ಕೈ ಇದೆಯಲ್ಲ. ಮೇಜಿಗೆ ಬಡಿದ ಹೊಡೆತಕ್ಕೆ ನನಗೇ ಎದೆ ಧಸಕ್ ಅನ್ನುತ್ತೆ."

ಸೊಸೆಗೂ ಹೌದೆನಿಸಿತು. ಮೇಜಿನ ಮೇಲೆ ದಿಂಬು ಇಟ್ಟರು. ನಗು ಬಂದರೆ ದಿಂಬಿಗೆ ಬಡಿಯಬೇಕು. ಅತ್ತೆ ಬಡಿದರು. ದಿಂಬು ಸದ್ದು ಮಾಡಲಿಲ್ಲ, ಕಂಪ್ಯೂಟರು ಮಾತ್ರ ಆರಿತು. ದಿಂಬು ತೆಗೆದು, ಎರಡೂ ಕೈಗಳನ್ನು ತೊಡೆಯ ಮೇಲೆ ಕಟ್ಟಿಕೊಂಡು ಕುಳಿತುಕೊಳ್ಳುವುದೆಂದಾಯಿತು. ಹಾಳೆ ತಿರುವುವ ಕೆಲಸ ಮಗನಿಗೆ ಬಿತ್ತು. ಅತ್ತೆ ಕೈ ಬಿಚ್ಚದೆಯೇ ನಕ್ಕರು. ಆರಿತು! ಈಗ ಮಗ ಪರೀಕ್ಷೆಗೆಂದು ತಾನೇ ಮೇಜಿಗೆ ಗುದ್ದಿ ಗುದ್ದಿ ನೋಡಿದ. ಲೋಟದ ನೀರು ಚೆಲ್ಲಿತೇ ಹೊರತು ಪರದೆ ಅಲುಗಲಿಲ್ಲ.

"ಅಂದ್ರೆ ಕೈಯಲ್ಲ, ನಗುವೇ" ಎಂದು ಮಗ ಕೈ ಚೆಲ್ಲಿದ. "ಕೋಳಿ ಸಾಕಣೆ ಓದ್ದಾಗ ಸುಮ್ಮನಿತ್ತು ನೋಡು. ಈ ಪೆಟ್ಟಿಗೆಗೆ ನಮ್ಮ ಡಿಪೋ ಮ್ಯಾನೇಜರ್ ಬುದ್ಧಿ. ಯಾರೂ ನಗಬಾರದು."

ಮೂವರೂ ನಕ್ಕರು. ಆರಿತು.

ಅಲ್ಲಿಂದ ಮುಂದೆ ಕೆಲಸಕ್ಕೆ ಹೊಸ ಕಟ್ಟಳೆ ಬಂದಿತು. ನಗು ಬರುವ ಸೂಚನೆ ಕಂಡ ಕೂಡಲೇ ಅತ್ತೆ ಕೈಯೆತ್ತಿ, "ಸೇವ್ ಮಾಡ್ಕೋ ಮಗಳೇ, ಬರ್ತಾ ಇದೆ, ಬರ್ತಾ ಇದೆ!" ಎಂದು ಕೂಗುವರು. ಸೊಸೆ ಗಡಬಡಿಸಿ ಸೇವ್ ಮಾಡುವಳು. ಆಮೇಲೆ ಅತ್ತೆ ನಗುವರು, ಯಂತ್ರ ಆರುವುದು, ಅದು ಮತ್ತೆ ಏಳುವವರೆಗೆ ಇಬ್ಬರೂ ಚಹಾ ಕುಡಿಯುವರು. ಹೀಗೆ ಚಹಾ ಹೆಚ್ಚಾಯಿತು, ಪುಟಗಳು ಕಡಿಮೆಯಾದವು.

ಪ್ರೆಸ್ಸಿನ ಯಜಮಾನರು ಫೋನು ಮಾಡಿ, ವಾರದೊಳಗೆ ಮುಗಿಯದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಸೊಸೆ ಫೋನು ಇಟ್ಟಳು. ಆಮೇಲೆ ಅತ್ತೆಯ ಮುಖ ನೋಡದೆ ಹೇಳಿದಳು, "ಅತ್ತೆ, ಒಂದೆರಡು ದಿನ ನಾನೊಬ್ಬಳೇ ಓದ್ಕೊಂಡು ತಿದ್ತೀನಿ. ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ."

"ಹೂಂ, ಅದೇ ಸರಿ. ನನಗೂ ಕಾಲು ನೋವು" ಎಂದರು ಅತ್ತೆ. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಕುರ್ಚಿಯನ್ನು ಮೇಜಿನೊಳಕ್ಕೆ ಮೆಲ್ಲಗೆ ಸರಿಸಿ ಎದ್ದುಹೋದರು.

ಅಡುಗೆಮನೆಯಲ್ಲಿ ಬೇಳೆ ಆರಿಸುತ್ತ ಕುಳಿತ ಅವರ ಕಿವಿ ಮಾತ್ರ ಆ ಕೋಣೆಯಲ್ಲೇ ಇತ್ತು. ಬೀಪ್ ಸದ್ದು ಬರಲಿಲ್ಲ. ಮಧ್ಯಾಹ್ನವಾದರೂ ಬರಲಿಲ್ಲ. ಹಾಗಾದರೆ ತಪ್ಪು ತನ್ನದೇ. ದೇವರೇ, ನಗುವನ್ನು ನೀನೇ ಕೊಟ್ಟೆ, ಕುರ್ಚಿಯನ್ನೂ ನೀನೇ ಕೊಟ್ಟೆ. ಎರಡರಲ್ಲಿ ಒಂದನ್ನು ಬಿಡು ಅಂದರೆ ನಾನು ಯಾವುದನ್ನು ಬಿಡಲಿ? ಈ ಪ್ರಶ್ನೆಯನ್ನು ಕೇಳಿ ಅವರಿಗೇ ನಾಚಿಕೆಯಾಯಿತು. ಲೋಕದಲ್ಲಿ ಜನ ಏನೇನನ್ನೋ ಕೇಳಿಕೊಳ್ಳುವಾಗ ಒಂದು ಮರದ ಕುರ್ಚಿಗಾಗಿ ದೇವರನ್ನು ಕಾಡುವುದೇ? ಆದರೂ ಕೇಳಿದ್ದನ್ನು ಹಿಂದಕ್ಕೆ ಪಡೆಯಲಿಲ್ಲ.

ಮರುದಿನ, ಅವಳು ತಿದ್ದಿ ಕಳಿಸಿದ್ದ ಪುಟಗಳು ಪ್ರೆಸ್ಸಿನಿಂದ ಹಿಂದಿರುಗಿ ಬಂದವು. ಒಂದು ಕಥೆಯ ನಡುವೆ ಮೂರು ಸಾಲುಗಳೇ ಇರಲಿಲ್ಲ. ಇನ್ನೊಂದರಲ್ಲಿ ಮಾವ ಸತ್ತ ಮೇಲೂ ಮಾತಾಡುತ್ತಿದ್ದ. ಒಬ್ಬಳೇ ಓದುವಾಗ ಕಣ್ಣು ಸಾಲು ಬಿಟ್ಟು ಹಾರಿತ್ತು. ಸೊಸೆ ಪುಟಗಳನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅತ್ತೆ, ನೀವಿಲ್ದೆ ಆಗಲ್ಲ."

"ನಾನಿದ್ರೆ ಯಂತ್ರ ಓಡಲ್ವಲ್ಲೇ. ಬೇಕಾದ್ರೆ ನಗದೇ ಓದ್ತೀನಿ. ಸಾವಿನ ಸುದ್ದಿ ಓದೋ ಹಾಗೆ ಓದ್ತೀನಿ."

"ನೀವು ಹಾಗೆ ಓದಿದ್ರೆ ನಾನು ನಿದ್ದೆ ಹೋಗ್ತೀನಿ. ನೀವು ನಗೋ ಹಾಗೆ ಓದೋದ್ರಿಂದಲೇ ನನ್ನ ಕಣ್ಣು ಸಾಲಿನ ಮೇಲೆ ನಿಲ್ಲೋದು." ಸೊಸೆ ಬೇಳೆಯ ಮೊರವನ್ನು ಅತ್ತೆಯ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. "ಓದೋರನ್ನ ಬದಲಾಯಿಸೋದು ಬೇಡ. ಪೆಟ್ಟಿಗೇನ ಸರಿ ಮಾಡಿಸೋಣ. ಅದನ್ನ ಅಂಗಡಿಗೆ ಒಯ್ದ್ರೆ ಪ್ರಯೋಜನ ಇಲ್ಲ, ಅಲ್ಲಿ ನೀವಿರಲ್ಲ. ಮೌನೀನೇ ಇಲ್ಲಿಗೆ ಕರೆಸ್ತೀನಿ."

ಅತ್ತೆ ಸುಮ್ಮನೆ ಎದ್ದು ಕನ್ನಡಕದ ಡಬ್ಬಿ ಹುಡುಕಿದರು.

ಮೌನಿ ಬಂದ. ಪೆಟ್ಟಿಗೆಯನ್ನು ಹಲಗೆಯ ಮೇಲಿಂದ ತೆಗೆಯದೆ, ಅಲ್ಲೇ ಅದರ ಪಕ್ಕದ ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದು ಮೇಜಿನ ಅಡಿಗೆ ತೂರಿ ಕುಳಿತ. ಹೊರಗೆ ಅವನ ಪಾದಗಳು ಮಾತ್ರ ಕಾಣುತ್ತಿದ್ದವು.

"ಅಮ್ಮಾ, ನಗಿ" ಎಂದಿತು ಮೇಜಿನ ಕೆಳಗಿನ ದನಿ.

ಅತ್ತೆ ಕಣ್ಣು ಕಣ್ಣು ಬಿಟ್ಟರು. ಇಷ್ಟು ದಿನ ಬೇಡವೆಂದರೂ ನುಗ್ಗುತ್ತಿದ್ದ ನಗು ಎಲ್ಲಿ ಅಡಗಿತೋ! "ಹ... ಹ... ಹ" ಎಂದರು. ತುಕ್ಕು ಹಿಡಿದ ಬಾಗಿಲು ತೆರೆದಂತಾಯಿತು. ಕಂಪ್ಯೂಟರು ಹಾಯಾಗಿ ಓಡುತ್ತಲೇ ಇತ್ತು.

"ಕಳ್ಳ ನಗು ಅದಕ್ಕೂ ಗೊತ್ತಾಗುತ್ತಮ್ಮಾ" ಎಂದ ಮಗ. ಟೋಪಿ ಹಿಂದುಮುಂದಾಗಿ ಹಾಕಿಕೊಂಡು ಡಿಪೋ ಮ್ಯಾನೇಜರಿನಂತೆ ನಡೆದು ತೋರಿಸಿದ. ಸೊಸೆ ಮದುವೆಯಾದ ಹೊಸತರಲ್ಲಿ ಗಂಡ ಮಾವನ ಚಪ್ಪಲಿ ಹಾಕಿಕೊಂಡು ಹೊರಟುಹೋದದ್ದನ್ನು ನೆನಪಿಸಿದಳು.

"ನೀವಿಬ್ರೂ ಹೀಗೆ ಎದುರು ನಿಂತು ಬಾಯಿ ನೋಡಿದ್ರೆ ನನಗೆ ಅಳು ಬರುತ್ತೆ" ಎಂದರು ಅತ್ತೆ.

"ಕಥೆ ಓದಿ" ಎಂದಿತು ಮೇಜಿನ ಕೆಳಗಿನ ದನಿ.

ಸೊಸೆ ಮುಂದಿನ ಹಾಳೆ ಕೊಟ್ಟಳು. ಅದು ನಿದ್ದೆ ಕಳೆದುಕೊಂಡವನ ಕಥೆ. ಒಬ್ಬನಿಗೆ ನಿದ್ದೆ ಬರುವುದಿಲ್ಲ. ಎಲ್ಲೋ ಬಿದ್ದುಹೋಗಿರಬೇಕೆಂದು ಮನೆಯೆಲ್ಲ ಹುಡುಕುತ್ತಾನೆ. ದೀಪ ಹಚ್ಚಿದರೆ ನಿದ್ದೆ ಬೆದರಿ ಓಡೀತೆಂದು ಕತ್ತಲಲ್ಲೇ ತಡಕಾಡುತ್ತಾನೆ. ಆಗ ಅವನಿಗೆ ಪಕ್ಕದಲ್ಲಿ ಹೆಂಡತಿ ಗಾಢವಾಗಿ ಗೊರಕೆ ಹೊಡೆಯುವುದು ಕೇಳಿಸುತ್ತದೆ. ಇಷ್ಟು ನಿದ್ದೆ ಒಬ್ಬಳದೇ ಆಗಿರಲು ಸಾಧ್ಯವಿಲ್ಲ! ಅವಳನ್ನು ಅಲುಗಿಸಿ ಎಬ್ಬಿಸುತ್ತಾನೆ.

"ಏಳೇ ಕೋಮಾ ಇಬ್ಬರ ನಿದ್ದೆನೂ ನೀನೇ ಮಾಡ್ತಿದ್ದೀಯ ಫುಲ್‌ಸ್ಟಾಪ್. ನನ್ನ ಪಾಲು ನನಗೆ ಕೊಡು ಫುಲ್‌ಸ್ಟಾಪ್" ಎಂದು ಓದಿ ಅತ್ತೆ ತುಟಿ ಕಚ್ಚಿ ತಡೆದುಕೊಂಡರು.

ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಮೇಜಿನ ಅಡಿಯಿಂದ, ತೀರ ಗಂಭೀರವಾಗಿ, ಒಂದು ಪ್ರಶ್ನೆ ಬಂತು.

"ಕೊಟ್ಟಳಾ?"

ಮುಗಿಯಿತು. ಕಟ್ಟೆಯೊಡೆದಂತೆ ಬಂದಿತು ಅತ್ತೆಯ ನಗು. ಹೆಗಲು ಕುಣಿಯಿತು, ತಲೆ ಹಿಂದಕ್ಕೆ ವಾಲಿತು. ಮೇಜಿನ ಕೆಳಗೆ ಧಡ್ ಎಂದಿತು, ಜೊತೆಗೇ "ಅಯ್ಯಪ್ಪಾ!" ಎಂಬ ಕೂಗು. ಪರದೆ ಕಪ್ಪಾಯಿತು.

"ಸಿಕ್ತು!" ಮೌನಿ ತೆವಳಿಕೊಂಡು ಹೊರಗೆ ಬಂದ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ಕಿವಿಯ ಮೇಲೆ. "ಕೈಯಲ್ಲ, ನಗುವೂ ಅಲ್ಲ. ಮೊಣಕಾಲು!"

ಯಾರಿಗೂ ಅರ್ಥವಾಗಲಿಲ್ಲ. ಆ ಬೀದಿಯಲ್ಲಿ ಯಾರೂ ಅವನ ಬಾಯಿಂದ ಅಷ್ಟು ಮಾತು ಕೇಳಿರಲಿಕ್ಕಿಲ್ಲ, ಅಷ್ಟನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ. ಅಮ್ಮ ಹೊಟ್ಟೆತುಂಬ ನಕ್ಕಾಗ ಹಿಂದಕ್ಕೆ ವಾಲುತ್ತಾರೆ. ವಾಲಿದಾಗ ಬಲಗಾಲು ತಾನಾಗಿ ಮೇಲೆದ್ದು ತೂಗುಹಲಗೆಗೆ ಕೆಳಗಿನಿಂದ ಬಡಿಯುತ್ತದೆ. ಪೆಟ್ಟಿಗೆ ಹಾರಿ ಕೂರುತ್ತದೆ. ಒಳಗೆ ಕರೆಂಟು ತರುವ ದಪ್ಪ ಪ್ಲಗ್ಗಿಗೆ ಒಂದು ಕೊಕ್ಕೆಯಿದೆ, ಅದು ಕಚ್ಚಿಕೊಂಡೇ ಇಲ್ಲ. ಮೇಲಿನಿಂದ ಎಷ್ಟು ಗುದ್ದಿದರೂ ಅದಕ್ಕೆ ತಟ್ಟುವುದಿಲ್ಲ, ಕೆಳಗಿನಿಂದ ಒಂದು ಪೆಟ್ಟು ಬಿದ್ದರೆ ಒಂದು ಕ್ಷಣ ಬಿಡುತ್ತದೆ, ಮತ್ತೆ ಕೂಡುತ್ತದೆ.

"ನನ್ನ ಕಾಲೇ?" ಅತ್ತೆ ಬೇರೆ ಯಾರದೋ ಕಾಲನ್ನು ನೋಡುವಂತೆ ತಮ್ಮ ಕಾಲನ್ನು ನೋಡಿಕೊಂಡರು. "ನನಗೆ ಗೊತ್ತೇ ಆಗಿಲ್ವಲ್ಲಪ್ಪ!"

"ಮೊಣಕಾಲು ನೋವು ಅಂತಿದ್ದೆಯಲ್ಲಮ್ಮ. ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸೋತು ಹೋಯ್ತು" ಎಂದ ಮಗ.

"ಆದ್ರೆ ಕೊಕ್ಕೆ ಯಾವಾಗ ಬಿಟ್ಟುಹೋಯ್ತು?" ಸೊಸೆ ಕೇಳಿದಳು.

"ಬಿಟ್ಟಿದ್ದಲ್ಲ. ತಂದ ದಿನದಿಂದ ಹಾಕಿಯೇ ಇರಲಿಲ್ಲ. ನಾನೂ ಅಂಗಡೀಲಿ ಅದನ್ನ ನೋಡ್ಲಿಲ್ಲ" ಎಂದ ಮೌನಿ. ಸ್ವಲ್ಪ ಯೋಚಿಸಿ, "ಇದರ ಮುಂದೆ ಇಷ್ಟು ದಿನ ಯಾರೂ ಹೊಟ್ಟೆತುಂಬ ನಕ್ಕಿರಲಿಲ್ಲ ಅಷ್ಟೆ" ಎಂದು ಸೇರಿಸಿದ.

ಅವನು ಮತ್ತೆ ಕೆಳಗೆ ತೂರಿ ಪ್ಲಗ್ಗನ್ನು ಒತ್ತಿದ. ಕಟ್ಟೆಂದು ಒಂದು ಸಣ್ಣ ಸದ್ದು. ಮುಚ್ಚಳ ಹಾಕಿ ಮೇಲೆದ್ದು, ಕೈ ಒರೆಸಿಕೊಂಡು, "ಆದ್ರೂ ಅಮ್ಮನ ಕುರ್ಚಿ ಆ ಕಡೆ ಹಾಕಿದ್ರೆ ಒಳ್ಳೇದು" ಎಂದ.

"ಬೇಡ" ಎಂದಳು ಸೊಸೆ ಥಟ್ಟನೆ. "ಅತ್ತೆ ಈ ಕಡೆ ಕೂತ್ರೆ ದನಿ ನೇರ ನನ್ನ ಕಿವಿಗೆ ಬರುತ್ತೆ. ಹಲಗೆ ಆ ಕಡೆ ಹೋಗ್ಲಿ."

ಅತ್ತೆ ಹಾಳೆಯನ್ನು ಮುಖದ ಮುಂದೆ ಹಿಡಿದು ಏನನ್ನೋ ಓದುವವರ ಹಾಗೆ ಕುಳಿತರು. ಅಕ್ಷರಗಳು ಒಂದೂ ಕಾಣುತ್ತಿರಲಿಲ್ಲ. ತಂದೆ, ಕೇಳಿದ್ದನ್ನು ಕೊಟ್ಟೆ, ನಗುವನ್ನೂ ಬಿಡಿಸಲಿಲ್ಲ ಎಂದುಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮಗ ಮೊಳೆ ಕಿತ್ತು ಹಲಗೆಯನ್ನು ಬಲಬದಿಗೆ ಹೊಡೆದ. ಕಂಪ್ಯೂಟರು ಎದ್ದಿತು, ಪುಟ ತೆರೆದುಕೊಂಡಿತು. ಮೌನಿ ತನ್ನ ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವನು ಹೊಸ್ತಿಲಲ್ಲಿ ನಿಂತುಬಿಟ್ಟ.

"ಏನಪ್ಪಾ, ಏನಾದ್ರೂ ಬಿಟ್ಟೆಯಾ?" ಎಂದರು ಅತ್ತೆ.

"ಇಲ್ಲ. ಅವಳು ಕೊಟ್ಟಳಾ ಅಂತ ಹೇಳ್ಲಿಲ್ಲ ನೀವು."

"ಕೂತ್ಕೋ, ನನಗೂ ಗೊತ್ತಿಲ್ಲ. ನಾನು ಮುಂದಿನ ಸಾಲು ಮೊದಲೇ ನೋಡೋಳಲ್ಲ."

ಅವನು ಸ್ಟೂಲಿನ ತುದಿಯಲ್ಲಿ ಕುಳಿತ. ಅತ್ತೆ ಓದಿದರು. ಹೆಂಡತಿ ಕಣ್ಣು ಬಿಡದೆಯೇ ಹೇಳುತ್ತಾಳೆ, "ನಿನ್ನ ಪಾಲು ದಿಂಬಿನ ಕೆಳಗಿಟ್ಟಿದ್ದೀನಿ ಫುಲ್‌ಸ್ಟಾಪ್. ಕಣ್ಣು ಮುಚ್ಕೊಂಡು ಹುಡುಕು ಕೋಮಾ ತೆರೆದ್ರೆ ಓಡಿಹೋಗುತ್ತೆ ಫುಲ್‌ಸ್ಟಾಪ್." ಅವನು ತಲೆಯನ್ನು ದಿಂಬಿಗೆ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೈಯನ್ನು ಕೆಳಗೆ ತೂರಿಸಿ ಹುಡುಕುತ್ತಾನೆ. ಬಿಸಿಲು ನೆತ್ತಿಗೇರಿದ ಮೇಲೆ ಎದ್ದುಬಂದು ಹೆಂಡತಿಗೆ ಸಿಟ್ಟಿನಿಂದ ಹೇಳುತ್ತಾನೆ, "ಸುಳ್ಳಿ ಕೋಮಾ ರಾತ್ರಿಯೆಲ್ಲ ಹುಡುಕಿದೆ ಕೋಮಾ ಸಿಗಲೇ ಇಲ್ಲ!"

ಮೊದಲು ಏನೂ ಆಗಲಿಲ್ಲ. ಆಮೇಲೆ ಮೌನಿಯ ಮೂಗಿನ ಹೊಳ್ಳೆ ಅರಳಿತು. ಗಂಟಲಲ್ಲಿ ಏನೋ ಗುಡುಗಿತು. ಮರುಕ್ಷಣ ಅವನು ಸ್ಟೂಲು ಅಲುಗುವಂತೆ, ಚೀಲದೊಳಗಿನ ಸಲಕರಣೆಗಳೆಲ್ಲ ಗಲಗಲ ಎನ್ನುವಂತೆ ನಕ್ಕ. ಅದನ್ನು ನೋಡಿ ಮಗ ನಕ್ಕ, ಸೊಸೆ ಕೀಲಿಮಣೆಯ ಮೇಲೆ ಬಾಗಿ ನಕ್ಕಳು. ಅತ್ತೆ ಹಿಂದಕ್ಕೆ ವಾಲಿ, ಎರಡೂ ಕೈಯಿಂದ ಮೇಜು ಬಡಿದು, ಕಾಲನ್ನು ಅದರ ಪಾಡಿಗೆ ಬಿಟ್ಟು, ಇಷ್ಟು ದಿನ ತಡೆದಿಟ್ಟಿದ್ದ ನಗುವನ್ನೆಲ್ಲ ಸೇರಿಸಿ ನಕ್ಕರು.

ಪರದೆ ಬೆಳಗುತ್ತಲೇ ಇತ್ತು.

"ಸೇವ್ ಮಾಡ್ಕೊಂಡೆಯೇನೇ?" ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ.

"ಮರೆತೇಹೋಯ್ತು ಅತ್ತೆ" ಎಂದಳು ಸೊಸೆ.

ಮೌನಿ ಚೀಲವನ್ನು ಹೆಗಲಿನಿಂದಿಳಿಸಿ ನೆಲಕ್ಕಿಟ್ಟು, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. "ಇನ್ನೂ ಎಷ್ಟು ಕಥೆ ಇವೆ?" ಎಂದು ಕೇಳಿದ.